ಉತ್ತರಿಸಬಾರದ ಮನುಷ್ಯನನ್ನು ಪ್ರಶ್ನೆ ಕೇಳಿ ನಪಾಸಾದ ಬಗ್ಗೆ

ಇಂಗ್ಲಿಷ್ ಸಂಭಾಷಣಾ ಪರೀಕ್ಷಾ ಮಂಡಳಿಯ ಅಧ್ಯಕ್ಷರಿಗೆ,

ಮಾನ್ಯರೇ,

ನಿಮ್ಮ ಮಂಡಳಿ ನನ್ನನ್ನು ನಪಾಸು ಮಾಡಿದೆ. ಇಂಗ್ಲಿಷ್ ಬರುವುದಿಲ್ಲವೆಂದಲ್ಲ, ಪ್ರಶ್ನೆಗಳನ್ನು ತಪ್ಪಾಗಿ ಕೇಳಿದೆನೆಂದೂ ಅಲ್ಲ. ಕೇಳಿದ ಪ್ರಶ್ನೆಗೆ ಉತ್ತರವನ್ನೂ ನಾನೇ ಹೇಳಿಬಿಟ್ಟೆನೆಂಬ ಅಪರಾಧಕ್ಕೆ! ಫಲಿತಾಂಶದ ಹಾಳೆಯಲ್ಲಿ ಇದನ್ನು ಬಹಳ ಮರ್ಯಾದೆಯಿಂದ ಬರೆದಿದ್ದೀರಿ: 'ಅಭ್ಯರ್ಥಿಯು ಉತ್ತರಕ್ಕಾಗಿ ಕಾಯಲಿಲ್ಲ.' ಕಾಯಲಿಲ್ಲ, ಒಪ್ಪಿದೆ. ಆದರೆ ನಿಮ್ಮದೇ ಕೈಪಿಡಿಯ ಪ್ರಕಾರ ಪರೀಕ್ಷಕರು ಬಾಯಿ ಬಿಡುವಂತೆಯೇ ಇಲ್ಲವಲ್ಲ ಸ್ವಾಮಿ! ಬಾರದ ಬಸ್ಸಿಗೆ ಕಾಯುವುದನ್ನೂ ನೀವು ಅಂಕ ಕೊಟ್ಟು ಕಲಿಸುತ್ತೀರೆಂದು ನನಗೆ ಗೊತ್ತಿರಲಿಲ್ಲ. ಆ ಹಾಳೆ ಹಿಡಿದುಕೊಂಡು ನಾನು ಅಳಬೇಕಿತ್ತು. ನಿಮ್ಮ ಕಚೇರಿಯ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಕಾವಲುಗಾರ ಬಂದು "ಏನಮ್ಮಾ, ಆರಾಮಿದೀರಾ?" ಎಂದು ಕೇಳಿದ. ನಿಮ್ಮ ಇಡೀ ಕಟ್ಟಡದಲ್ಲಿ ಉತ್ತರ ಬೇಕೆಂದು ಪ್ರಶ್ನೆ ಕೇಳಿದವನು ಅವನೊಬ್ಬನೇ.

ನಾನು ಯಾರೆಂದು ಹೇಳಿಬಿಡುತ್ತೇನೆ. ಬಂದರಿನ ಹಿಂದಿನ ರಸ್ತೆಯಲ್ಲಿ ಹಗ್ಗದ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಹಲ್ಲಿನ ಆಸ್ಪತ್ರೆಯಿದೆ. ಕುರ್ಚಿ ಒಂದೇ, ಡಾಕ್ಟರು ಒಬ್ಬರೇ, ಸಹಾಯಕಿ ನಾನೊಬ್ಬಳೇ. ಹಡಗು ಬಂದು ನಿಂತ ದಿನ ನಮ್ಮ ಮೆಟ್ಟಿಲ ತುಂಬ ಕೆನ್ನೆ ಊದಿಸಿಕೊಂಡ ನಾವಿಕರು. ಒಬ್ಬೊಬ್ಬರ ಭಾಷೆ ಒಂದೊಂದು, ನೋವು ಮಾತ್ರ ಒಂದೇ. ಎಲ್ಲರಿಗೂ ಅಷ್ಟಿಷ್ಟು ಬರುವ ಭಾಷೆಯೆಂದರೆ ಇಂಗ್ಲಿಷು, ಆದ್ದರಿಂದ ಕುರ್ಚಿಯ ಪಕ್ಕ ನಿಂತು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವುದು ನನ್ನ ಕೆಲಸ. ನಾವಿಕರು ನನಗೆ ಇಟ್ಟಿರುವ ಹೆಸರು ಮಿಸೆಸ್ ಓಕೆ. ನಾನು ಮಾತುಮಾತಿಗೆ "ಓಕೆ? ಓಕೆ!" ಎನ್ನುತ್ತೇನಂತೆ.

ಈಗ ಸ್ವಲ್ಪ ಬಾಯಿ ತೆರೆದುಕೊಂಡು ಕೇಳಿ. ಹಲ್ಲಿನ ಕುರ್ಚಿಯಲ್ಲಿ ಮಲಗಿದವನ ಬಾಯಲ್ಲಿ ಹತ್ತಿಯಿರುತ್ತದೆ, ಎಂಜಲು ಹೀರುವ ನಳಿಕೆಯಿರುತ್ತದೆ, ಡಾಕ್ಟರ ಎರಡು ಬೆರಳು ಮತ್ತು ಒಂದು ಕನ್ನಡಿ ಇರುತ್ತವೆ. ಅಲ್ಲಿ ಉತ್ತರಕ್ಕೆ ಜಾಗವೆಲ್ಲಿದೆ? ನಮ್ಮ ಡಾಕ್ಟರು ಕಣ್ಣಿಗೆ ದಪ್ಪ ಭೂತಗನ್ನಡಿ ಹಾಕಿಕೊಂಡು ಬಗ್ಗಿದರೆಂದರೆ ಅವರಿಗೆ ಕಾಣುವುದು ಒಂದು ಹಲ್ಲು ಮಾತ್ರ. ಆ ಹಲ್ಲಿನ ಸುತ್ತ ಒಬ್ಬ ಮನುಷ್ಯನಿದ್ದಾನೆ ಎಂಬ ಸುದ್ದಿಯನ್ನು ನಾನು ಕೊಡಬೇಕು. ಹಾಗಾಗಿ ನಾನು ರೋಗಿಯನ್ನು ಕೇಳುತ್ತೇನೆ, ಅವನ ಹುಬ್ಬು, ಬೆರಳು, ಕಾಲ್ಚೀಲದೊಳಗಿನ ಹೆಬ್ಬೆರಳು ನೋಡುತ್ತೇನೆ, ಬಲಗಡೆಗೆ ತಿರುಗಿ ಉತ್ತರವನ್ನು ಡಾಕ್ಟರಿಗೆ ಗಟ್ಟಿಯಾಗಿ ಹೇಳುತ್ತೇನೆ. "ಆರ್ ಯು ಅಫ್ರೇಡ್? ಯೆಸ್, ಹಿ ಈಸ್ ಅಫ್ರೇಡ್." ಡಾಕ್ಟರು ಕೈ ತೆಗೆಯುತ್ತಾರೆ. "ಡಸ್ ಇಟ್ ಹರ್ಟ್? ನೋ, ಇಟ್ ಡಸ್ ನಾಟ್." ಡಾಕ್ಟರು ಮುಂದುವರಿಯುತ್ತಾರೆ. ನಮ್ಮ ಕೋಣೆಯಲ್ಲಿ ಪ್ರಶ್ನೆ ಮತ್ತು ಉತ್ತರ ಒಂದೇ ಬಾಯಿಂದ ಬರುತ್ತವೆ, ಇನ್ನೊಂದು ಬಾಯಿ ಕೆಲಸದಲ್ಲಿರುತ್ತದೆ.

ಹೀಗೆ ಚೆನ್ನಾಗಿಯೇ ನಡೆಯುತ್ತಿದ್ದಾಗ ನಿಮ್ಮ ಸುತ್ತೋಲೆ ಬಂತು. ಬಂದರಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಇಂಗ್ಲಿಷಿನಲ್ಲಿ ಪ್ರಶ್ನಿಸುವವರೆಲ್ಲರೂ ಇನ್ನು ಮುಂದೆ ಮಂಡಳಿಯ ಅರ್ಹತಾ ಪತ್ರ ಹೊಂದಿರತಕ್ಕದ್ದು. ಪತ್ರವಿಲ್ಲದವರ ಜಾಗದಲ್ಲಿ, ಮುಂದಿನ ತಿಂಗಳ ಒಂದನೇ ತಾರೀಖಿನಿಂದ, ಮಂಡಳಿಯೇ ಒಪ್ಪಿದ ಪ್ರಶ್ನಿಸುವ ಯಂತ್ರ. ನಾನು ನೆಲಮಹಡಿಗೆ ಇಳಿದು ಇಕ್ಕಳ ಕುದಿಸುತ್ತ ಕೂರಬೇಕು. ಸಂಬಳ ಅಷ್ಟೇ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಇಕ್ಕಳಕ್ಕೆ ಹೆದರಿಕೆಯಾಗುವುದಿಲ್ಲ, ಇಕ್ಕಳ ನನ್ನ ಕೈ ಹಿಡಿದುಕೊಳ್ಳುವುದೂ ಇಲ್ಲ. ನನಗೆ ಬೇಕಾಗಿರುವುದು ಆ ಕುರ್ಚಿಯ ಪಕ್ಕದ ಎರಡು ಅಡಿ ಜಾಗ. ಡಾಕ್ಟರನ್ನು ಕೇಳಿದರೆ "ನಂಗೂ ನೀನೇ ಬೇಕಮ್ಮಾ. ಆದ್ರೆ ಮಾತು ಮೀರಿದ್ರೆ ನನ್ನ ಪರವಾನಗಿನೇ ಕಿತ್ಕೊಳ್ತಾರೆ. ಹೋಗಿ ಒಂದ್ಸಲ ಪಾಸಾಗಿ ಬಾ, ನಿಂಗೇನು ದೊಡ್ಡ ವಿಷ್ಯ" ಎಂದರು. ಹೌದಲ್ಲ, ಪ್ರಶ್ನೆ ಕೇಳುವುದು ನನಗೇನು ದೊಡ್ಡ ವಿಷಯ ಎಂದು ನಾನೂ ಅಂದುಕೊಂಡೆ.

ಪುಸ್ತಕ ತೆರೆದ ಮೇಲೆ ಗೊತ್ತಾಯಿತು, ಕಬ್ಬಿಣದ ಕಡಲೆ! ಹಲ್ಲಿನವಳಾಗಿ ಹೇಳುತ್ತೇನೆ, ಅದನ್ನು ಕಡಿಯಬೇಡಿ. ನಮ್ಮ ಭಾಷೆಯಲ್ಲಿ ಪ್ರಶ್ನೆ ಮಾಡುವುದು ಎಷ್ಟು ಸಲೀಸು! 'ನೋವಿದೆ' ಎನ್ನುವುದನ್ನು ತುದಿಯಲ್ಲಿ ಸ್ವಲ್ಪ ಎಳೆದರೆ 'ನೋವಿದೆಯಾ?' ಆಯಿತು. ಇಂಗ್ಲಿಷಿನಲ್ಲಿ ವಾಕ್ಯವೇ ತಿಪ್ಪರಲಾಗ ಹಾಕಬೇಕು. 'ಯು ಆರ್ ಅಫ್ರೇಡ್' ಎಂದರೆ ನಿನಗೆ ಹೆದರಿಕೆಯಾಗಿದೆ. ಅದನ್ನೇ ಕೇಳಬೇಕಾದರೆ 'ಆರ್' ಜಿಗಿದು ಮುಂದೆ ಬರಬೇಕು, 'ಯು' ಹಿಂದೆ ಸರಿಯಬೇಕು. ಸರಿ, ಕಲಿತೆ. ಆದರೆ 'ಯು ಹ್ಯಾವ್ ಪೇನ್' ಎಂಬುದನ್ನು ಹಾಗೆ ತಿರುಗಿಸುವಂತಿಲ್ಲವಂತೆ. ಅಲ್ಲಿ 'ಡು' ಎಂಬ ಒಂದು ಪದ ಎಲ್ಲಿಂದಲೋ ಬಂದು ಬಾಗಿಲಲ್ಲಿ ನಿಲ್ಲಬೇಕು. ಅದರ ಅರ್ಥವೇನು? ಏನೂ ಇಲ್ಲ. ಅದಿಲ್ಲದೆ ಆಗುತ್ತದೆಯೇ? ಆಗುವುದೇ ಇಲ್ಲ! ಇದನ್ನು ನಾನು ಜೋರಾಗಿ ಓದುತ್ತಿದ್ದಾಗ ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ನಮ್ಮ ಅತ್ತೆ ಕೈ ನಿಲ್ಲಿಸಿದರು.

"ಅಯ್ಯೋ, ಇದು ನಮ್ಮ ದೊಡ್ಡ ಭಾವನ ಥರನೇ ಕಣೇ! ಒಂದು ಕೆಲ್ಸ ಮಾಡಲ್ಲ, ಆದ್ರೆ ಅವ್ರು ಬಂದು ಮುಂದೆ ಕೂತ್ಕೊಳ್ದೆ ಮನೇಲಿ ಒಂದು ಮಾತುಕತೆ ಶುರುವಾಗಲ್ಲ."

ನಿಮ್ಮ ಕೈಪಿಡಿಯ ಮೂರು ಪುಟದ ವಿವರಣೆಗಿಂತ ಈ ಒಂದು ಮಾತಿನಿಂದ ನನಗೆ 'ಡು' ಚೆನ್ನಾಗಿ ತಲೆಗೆ ಹೋಯಿತು. ಅಂದಿನಿಂದ ಅತ್ತೆಯೂ ನನ್ನ ಜೊತೆ ಓದಲು ಕೂತರು. ಮಾನ್ಯರೇ, ಅದರ ಪರಿಣಾಮವನ್ನು ಅನುಭವಿಸಿದವಳು ನಾನು. ವಾಕ್ಯದ ತುದಿಗೆ ಬಾಲ ಕಟ್ಟಿ ಕೇಳುವ ಪ್ರಶ್ನೆಗಳ ಪಾಠ ಬಂದಾಗ ಅವರ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಮುಂದೆ ಹೌದು ಇದ್ದರೆ ಬಾಲದಲ್ಲಿ ಅಲ್ಲ, ಮುಂದೆ ಇಲ್ಲ ಇದ್ದರೆ ಬಾಲದಲ್ಲಿ ಹೌದು. "ಯು ಆರ್ ಲೇಟ್, ಆರ್ ನಾಟ್ ಯು?" ಎಂದು ಬಾಗಿಲಲ್ಲೇ ಸ್ವಾಗತ. "ಯು ಡಿಡ್ ನಾಟ್ ವಾಷ್ ದ ಕಪ್ಸ್, ಡಿಡ್ ಯು?" ಎಂದು ಅಡುಗೆಮನೆಯಿಂದ ವಿಚಾರಣೆ. "ಇದನ್ನ ಕಂಡುಹಿಡಿದೋಳು ಯಾರೋ ಅತ್ತೇನೇ ಇರ್ಬೇಕು ಕಣೇ. ಕೇಳ್ದಂಗೂ ಆಯ್ತು, ಬೈದಂಗೂ ಆಯ್ತು" ಎಂದು ಅವರು ಕುಣಿಯುವುದೊಂದು ಬಾಕಿ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಇಂಗ್ಲಿಷ್ ಬಂದ ಮೇಲೆ ಎರಡೂ ಕಾಲ ಅತ್ತೆಯದೇ ಆಯಿತು.

ಇನ್ನು ನನ್ನ ಗಂಡ. ಅವರು ಹಾಳಾದ ಫ್ರಿಜ್ಜುಗಳನ್ನು ರಿಪೇರಿ ಮಾಡುವವರು, ಮಾತೂ ಅಷ್ಟೇ ತಣ್ಣಗೆ. ಎಲ್ಲಿ, ಯಾವಾಗ, ಏಕೆ ಎಂಬ ಪ್ರಶ್ನೆಗಳ ಅಭ್ಯಾಸಕ್ಕೆ ಅವರನ್ನು ಎದುರಿಗೆ ಕೂರಿಸಿಕೊಂಡೆ.

"ವೇರ್ ಡಿಡ್ ಯು ಗೋ?"

"ಯೆಸ್, ಐ ಡಿಡ್."

"ಅಲ್ರೀ, ಎಲ್ಲಿಗೆ ಹೋಗಿದ್ರಿ ಅಂತ ಕೇಳಿದ್ದು!"

"ಹೋಗಿದ್ದೆ ಅಂದ್ನಲ್ಲ."

ಅತ್ತೆ ಬಿದ್ದು ಬಿದ್ದು ನಕ್ಕರು. ಗಂಡಂದಿರು ಕೊಡುವ ಈ ಉತ್ತರ ಇಂಗ್ಲಿಷಿಗಿಂತ ಹಳೆಯದು, ಅದಕ್ಕೆ ಯಾವ ವ್ಯಾಕರಣವೂ ಇಲ್ಲ. ಆದರೂ ನಮ್ಮ ಊಟದ ಮೇಜಿನಲ್ಲಿ ಆ ದಿನಗಳಲ್ಲಿ ಇದ್ದಷ್ಟು ಗದ್ದಲ, ಇದ್ದಷ್ಟು ಸಂತೋಷ ಹಿಂದೆಂದೂ ಇರಲಿಲ್ಲ. ಉಪ್ಪು ಬೇಕಾದವರು "ಕುಡ್ ಯು ಟೆಲ್ ಮಿ ವೇರ್ ದ ಸಾಲ್ಟ್ ಈಸ್?" ಎಂದು ಕೇಳಬೇಕು. ಇಲ್ಲಿ ಇನ್ನೊಂದು ತಮಾಷೆ ನೋಡಿ, ಇಷ್ಟು ವಿನಯದಿಂದ ಕೇಳಿದರೆ ತಿರುಗಿದ್ದ ವಾಕ್ಯ ಮತ್ತೆ ನೆಟ್ಟಗಾಗುತ್ತದೆ. 'ಈಸ್ ದ ಸಾಲ್ಟ್' ಹೋಗಿ 'ದ ಸಾಲ್ಟ್ ಈಸ್' ಆಗುತ್ತದೆ. ಮರ್ಯಾದೆ ಕೊಟ್ಟರೆ ಇಂಗ್ಲಿಷೂ ಸರಿದಾರಿಗೆ ಬರುತ್ತದೆ ಎಂದು ಇದರಿಂದ ತಿಳಿದುಕೊಂಡೆ. ನಿಮಗೆ ಇಷ್ಟು ಮರ್ಯಾದೆಯಿಂದ ಬರೆಯುತ್ತಿರುವುದಕ್ಕೂ ಅದೇ ಕಾರಣ.

ಪರೀಕ್ಷೆಯ ದಿನ ಬಂತು. ನಿಮ್ಮ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಮೂಲೆಯಲ್ಲಿ ಕಬ್ಬಿಣದ ಬೀರು, ಕಿಟಕಿಯಾಚೆ ರೈಲು ನಿಲ್ದಾಣ. ಎದುರಿಗೆ ನೀಲಿ ಅಂಗಿಯ ಪರೀಕ್ಷಕರು. ಗೋಡೆಯ ಮೇಲೆ ನಿಮ್ಮ ನಿಯಮ: 'ಪರೀಕ್ಷಕರು ಅಭ್ಯರ್ಥಿಯ ಪ್ರಶ್ನೆಗೆ ಉತ್ತರಿಸತಕ್ಕದ್ದಲ್ಲ, ಮುಖಭಾವ ತೋರತಕ್ಕದ್ದಲ್ಲ.' ಎಲ್ಲ ಅಭ್ಯರ್ಥಿಗಳಿಗೂ ಸಮಾನ ನ್ಯಾಯ ಸಿಗಲೆಂದು ಹೀಗೆ ಮಾಡಿದ್ದೀರಂತೆ. ಭೇಷ್! ಎಲ್ಲರಿಗೂ ಸಮಾನವಾಗಿ ಗೋಡೆಯನ್ನೇ ಕೊಟ್ಟಿದ್ದೀರಿ. ಮೇಜಿನ ಮೇಲಿನ ಚೀಟಿಯಲ್ಲಿ 'ಎದುರಿನವರ ಕ್ಷೇಮಸಮಾಚಾರ ವಿಚಾರಿಸಿ' ಎಂದಿತ್ತು. ಅದನ್ನು ಓದಿ ನನಗೆ ಎಷ್ಟು ಧೈರ್ಯ ಬಂತೆಂದರೆ, ನಾನು ಕುರ್ಚಿಯನ್ನು ಅವರ ಪಕ್ಕಕ್ಕೇ ಎಳೆದುಕೊಂಡೆ.

"ಆರ್ ಯು ಟಯರ್ಡ್?" ಎಂದೆ. ಅವರು ಮಿಸುಕಲಿಲ್ಲ. ಮುಚ್ಚಿದ ಬಾಯಿ, ನೆಟ್ಟ ಕಣ್ಣು, ಕುರ್ಚಿಯ ಕೈ ಹಿಡಿದ ಬೆರಳು. ಮಾನ್ಯರೇ, ಅದೇ ನನ್ನ ಇಡೀ ಜೀವನದ ದೃಶ್ಯ! ಕಣ್ಣ ಕೆಳಗಿನ ಕಪ್ಪು ನೋಡಿದೆ, ಬಲಗಡೆಗೆ ತಿರುಗಿ "ಯೆಸ್, ಹಿ ಈಸ್ ಟಯರ್ಡ್" ಎಂದು ಗಟ್ಟಿಯಾಗಿ ಹೇಳಿದೆ. ಬಲಗಡೆ ನಮ್ಮ ಡಾಕ್ಟರು ಇರಬೇಕಾದ ಜಾಗದಲ್ಲಿ ನಿಮ್ಮ ಬೀರು ಇತ್ತು. ಆದರೂ ನನಗೆ ಅರಿವಾಗಲಿಲ್ಲ ನೋಡಿ, ಅಭ್ಯಾಸಬಲ! "ಡಿಡ್ ಯು ಈಟ್?" ಎಂದು ಕೇಳಿದೆ, ಅವರ ಹೊಟ್ಟೆ ಗುರುಗುಟ್ಟಿತು, "ನೋ, ಹಿ ಡಿಡ್ ನಾಟ್" ಎಂದು ಬೀರುವಿಗೆ ತಿಳಿಸಿದೆ. "ಡು ಯು ವಾಂಟ್ ಟು ಗೋ ಹೋಮ್?" ಎಂದೆ. ಕಣ್ಣು ಅರೆಗಳಿಗೆ ಗಡಿಯಾರದ ಕಡೆ ಹೋಯಿತು. "ಯೆಸ್! ವೆರಿ ಮಚ್!"

ಆಗ ಅವರ ಎಡಗೆನ್ನೆ ಅದುರಲು ಶುರುವಾಯಿತು. ತುಟಿ ಬಿಗಿಯಿತು, ಕಣ್ಣಂಚಿನಲ್ಲಿ ನೀರು. ಇದು ಕೆಳದವಡೆಯ ಕೊನೆಯ ಹಲ್ಲೇ ಎಂದು ನಾನು ಕಣ್ಣು ಮುಚ್ಚಿ ಹೇಳಬಲ್ಲೆ. "ಡಸ್ ಯುವರ್ ಟೂತ್ ಹರ್ಟ್? ಯೆಸ್! ಡಾಕ್ಟರ್, ಲೋವರ್ ಲೆಫ್ಟ್!" ಎಂದು ಬೀರುವಿಗೆ ಕೂಗಿ, ಅವರ ಗಲ್ಲ ಹಿಡಿದು "ಓಪನ್ ಪ್ಲೀಸ್, ವೈಡ್" ಎಂದೆ. ಪಾಪ, ಅವರೂ ತೆರೆದರು. ಆ ಮಾತು ಕೇಳಿದರೆ ಯಾರಾದರೂ ತೆರೆಯುತ್ತಾರೆ. ತೆರೆದ ಬಾಯಿಂದ ನೋವು ಬರಲಿಲ್ಲ, ನಗು ಬಂತು, ಅದೂ ಕಟ್ಟೆಯೊಡೆದು! ಗಂಟೆ ಹೊಡೆಯಿತು, ನನ್ನನ್ನು ಹೊರಗೆ ಕಳಿಸಿದರು.

ಆಮೇಲೆ ಪರೀಕ್ಷಕರು ಹಜಾರಕ್ಕೆ ಬಂದು ಗೋಡೆಗೆ ಒರಗಿಕೊಂಡು ಕಣ್ಣೊರೆಸಿಕೊಂಡರು.

"ಹಲ್ಲು ನೋವಲ್ಲಮ್ಮಾ, ನಗು ತಡ್ಕೊಳ್ತಿದ್ದೆ! ಆದ್ರೆ ಸುಸ್ತಾಗಿರೋದು ನಿಜ. ಊಟ ಮಾಡಿಲ್ಲ, ಅದೂ ನಿಜ."

"ಹಾಗಾದ್ರೆ ನಾನು ಪಾಸಾ?"

"ಅದೇ ಕಷ್ಟ. ಪ್ರತಿ ಪ್ರಶ್ನೆ ಮುಂದೆ 'ಉತ್ತರಕ್ಕೆ ಕಾದರೇ?' ಅಂತ ಒಂದು ಖಾನೆ ಇದೆ. ನೀವು ಒಂದಕ್ಕೂ ಕಾಯ್ಲಿಲ್ವಲ್ಲ."

"ನೀವು ಒಂದಕ್ಕೂ ಹೇಳ್ತಿರ್ಲಿಲ್ವಲ್ಲ!"

"ಹೇಳಂಗಿಲ್ಲ. ಬೆಳಗ್ಗೆಯಿಂದ ಬಂದೋರೆಲ್ಲ ವೇರ್ ಈಸ್ ದ ಸ್ಟೇಷನ್ ಅಂತ ಕೇಳಿ, ಸುಮ್ನೆ ಕೂತು, ಪಾಸಾಗಿ ಹೋದ್ರು. ಸ್ಟೇಷನ್ ಅಲ್ಲೇ ಕಿಟಕೀಲಿ ಕಾಣ್ತಿದೆ. ಕೈ ತೋರ್ಸೋಕೂ ನಂಗೆ ಅನುಮತಿ ಇಲ್ಲ."

ದಯವಿಟ್ಟು ಆ ಮನುಷ್ಯನ ಮೇಲೆ ಕ್ರಮ ಕೈಗೊಳ್ಳಬೇಡಿ. ಹಜಾರದಲ್ಲಿ ನಗುವುದನ್ನು ನಿಮ್ಮ ನಿಯಮ ನಿಷೇಧಿಸಿಲ್ಲ, ನಾನು ಓದಿ ನೋಡಿದ್ದೇನೆ. ಕೆಳದವಡೆಯ ವಿಷಯದಲ್ಲಿ ನಾನು ಸೋತೆ, ಅದನ್ನೂ ಒಪ್ಪುತ್ತೇನೆ. ಆದರೆ ನನ್ನ ಕೆಲಸದಲ್ಲಿ ತಪ್ಪಾದರೆ ಎದುರಿನವನು ತಲೆಯಾಡಿಸುತ್ತಾನೆ, ಕೈಯೆತ್ತುತ್ತಾನೆ, ನಾನು ತಿದ್ದಿಕೊಳ್ಳುತ್ತೇನೆ. ತಲೆಯಾಡಿಸುವುದನ್ನೂ ನಿಷೇಧಿಸಿದ ಕೋಣೆಯಲ್ಲಿ ತಿದ್ದಿಕೊಳ್ಳುವುದು ಹೇಗೆ? ಮರುಪರೀಕ್ಷೆಗೆ ಒಂದು ವರ್ಷ ಕಾಯಬೇಕೆಂದು ಹಾಳೆಯ ಕೆಳಗೆ ಬರೆದಿದ್ದೀರಿ. ಅಷ್ಟರಲ್ಲಿ ನನ್ನ ಜಾಗದಲ್ಲಿ ಯಂತ್ರ ಬೇರು ಬಿಟ್ಟಿರುತ್ತದೆ.

ಆ ಯಂತ್ರ ಆಗಲೇ ಬಂದಿದೆ, ಪರೀಕ್ಷಾರ್ಥವಾಗಿ. ಕುರ್ಚಿಯ ಪಕ್ಕ ನನ್ನ ಎರಡು ಅಡಿಯಲ್ಲೇ ನಿಂತಿರುವ ಒಂದು ಪರದೆ. ಅದರ ಮೂಲೆಯಲ್ಲಿ ನಿಮ್ಮ ಮಂಡಳಿಯ ಬಂಗಾರದ ಮುದ್ರೆ: 'ಪ್ರಶ್ನಿಸಲು ಅರ್ಹ'. ಮೊದಲ ದಿನ ಕುರ್ಚಿಯಲ್ಲಿ ಮಲಗಿದವನು ಒಂದು ಸರಕು ಹಡಗಿನ ಅಡುಗೆಯವನು. ಬಾಗಿಲು ತುಂಬುವಂಥ ಆಳು, ಸೂಜಿ ಕಂಡರೆ ಮಗು. ಪರದೆ ಜೇನಿನಂಥ ದನಿಯಲ್ಲಿ "ಡು ಯು ಫೀಲ್ ಎನಿ ಪೇನ್?" ಎಂದು ಕೇಳಿತು. ವ್ಯಾಕರಣಕ್ಕೆ ನೂರಕ್ಕೆ ನೂರು! ಹೌದು ಎನ್ನಲು ಕೆಂಪು ಗುಂಡಿ, ಇಲ್ಲ ಎನ್ನಲು ಹಸಿರು. ಆದರೆ ಅವನು ಎರಡೂ ಕೈಯಿಂದ ಕುರ್ಚಿಯನ್ನು ಅವಚಿಕೊಂಡಿದ್ದ. ಗುಂಡಿ ಒತ್ತಬೇಕಾದರೆ ಕುರ್ಚಿ ಬಿಡಬೇಕು, ಕುರ್ಚಿ ಬಿಟ್ಟರೆ ಜೀವವೇ ಹೋಗುತ್ತದೆಂದು ಅವನ ಮುಖ ಹೇಳುತ್ತಿತ್ತು. ಪರದೆ ಬಹಳ ಶಿಸ್ತಿನಿಂದ ಕಾಯಿತು. ಆಮೇಲೆ ಹೇಳಿತು: "ಉತ್ತರ ಬಂದಿಲ್ಲ. ನೋವಿಲ್ಲವೆಂದು ಪರಿಗಣಿಸಲಾಗಿದೆ." ಹಸಿರು ದೀಪ ಹತ್ತಿತು.

ಓದಿದಿರಾ? ಇನ್ನೊಮ್ಮೆ ಓದಿ. ನಿಮ್ಮ ಯಂತ್ರವೂ ತನ್ನ ಪ್ರಶ್ನೆಗೆ ತಾನೇ ಉತ್ತರ ಹೇಳಿತು! ಅದಕ್ಕೆ ಬಂಗಾರದ ಮುದ್ರೆ, ನನಗೆ ನೆಲಮಹಡಿ. ಊರಿಗೆಲ್ಲ ಒಂದು ನ್ಯಾಯ, ಪರದೆಗೊಂದು ನ್ಯಾಯವೇ? ನಾನು ಮುಖ ನೋಡಿ ಉತ್ತರ ಹೇಳುತ್ತೇನೆ, ಅದು ಮುಖ ನೋಡದೆ ಹೇಳುತ್ತದೆ. ಇಷ್ಟೇ ವ್ಯತ್ಯಾಸ, ಮತ್ತು ಈ ವ್ಯತ್ಯಾಸದಲ್ಲಿ ನೀವು ಅಂಕ ಕೊಟ್ಟಿರುವುದು ಪರದೆಗೆ! ನಾನು ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ಹಸಿರು ದೀಪ ನೋಡಿ ಡಾಕ್ಟರು ಕೊರೆಯುವ ಸೂಜಿ ಇಳಿಸಿದರು, ಅಡುಗೆಯವನ ಹೆಬ್ಬೆರಳು ಕಾಲ್ಚೀಲದೊಳಗೆ ಮಡಚಿಕೊಂಡಿತು. "ಇದೆ! ಡಾಕ್ಟ್ರೇ, ಇದೆ! ಹಿ ಹ್ಯಾವ್, ಹಿ ಡಸ್, ಪೇನ್ ಇದೆ!" ಎಂದು ತಟ್ಟೆ ಸಮೇತ ಒಳಗೆ ನುಗ್ಗಿದೆ. ಅಷ್ಟೊಂದು ದಿನ ಕಲಿತ ವ್ಯಾಕರಣವೆಲ್ಲ ನೆಲದ ಮೇಲೆ ಚೆಲ್ಲಿತು. ಡಾಕ್ಟರು ಕೈ ತೆಗೆದು ಮತ್ತೊಮ್ಮೆ ಮದ್ದು ಚುಚ್ಚಿದರು. ಆ ದೈತ್ಯ ಮಿಕ್ಕ ಹೊತ್ತೆಲ್ಲ ನನ್ನ ತೋಳನ್ನು ಹಿಡಿದುಕೊಂಡು ಮಲಗಿದ್ದ. ಹೋಗುವಾಗ ಮರಗಟ್ಟಿದ ಬಾಯಲ್ಲಿ "ಹೌ ಡಿಡ್ ಯು ನೋ?" ಎಂದು ಕೇಳಿದ. ಎಷ್ಟು ಚೆಂದದ ಪ್ರಶ್ನೆ! ಅವನ ಕಾಲಿನ ಹೆಬ್ಬೆರಳಿನ ಕಡೆ ಕೈ ತೋರಿಸಿ, ಓಕೆ ಎಂದಷ್ಟೇ ಹೇಳಿದೆ.

ಮಾನ್ಯರೇ, ನನಗೆ ನಿಮ್ಮ ವ್ಯಾಕರಣದ ಮೇಲೆ ಸಿಟ್ಟಿಲ್ಲ. ನಿಜ ಹೇಳಬೇಕೆಂದರೆ ಅದರ ಮೇಲೆ ನನಗೆ ಪ್ರೀತಿಯೇ ಬಂದುಬಿಟ್ಟಿದೆ. ವಾಕ್ಯ ಮಗುಚಿ ಬೀಳುವುದು, 'ಡು' ಬಂದು ಬಾಗಿಲಲ್ಲಿ ನಿಲ್ಲುವುದು, ಬಾಲ ಅಲ್ಲಾಡುವುದು, ಎಲ್ಲವೂ ಇನ್ನೊಬ್ಬರನ್ನು ಕೇಳಲಿಕ್ಕಾಗಿ ಭಾಷೆ ಪಡುವ ಪಾಡು. ಒಬ್ಬ ಮನುಷ್ಯನ ಮುಂದೆ ಒಂದು ಭಾಷೆ ಇಷ್ಟೊಂದು ಸರ್ಕಸ್ ಮಾಡುತ್ತದೆಂದರೆ ಅವನಿಂದ ಏನೋ ತಿಳಿಯಬೇಕಾಗಿದೆ ಎಂದಲ್ಲವೇ ಅರ್ಥ? ತಿಳಿಯುವುದೇ ಬೇಡವೆಂದಾದರೆ ಆ ವಾಕ್ಯಕ್ಕೆ ಪ್ರಶ್ನಾರ್ಥಕ ಚಿಹ್ನೆಯ ಕೊಕ್ಕೆ ಯಾಕೆ ಹಾಕುತ್ತೀರಿ? ಮೀನು ಬೇಡದವನು ಗಾಳ ಹಾಕುತ್ತಾನೆಯೇ?

ಆದ್ದರಿಂದ ನನ್ನ ಒತ್ತಾಯ ಇಷ್ಟು. ಒಂದನೇ ತಾರೀಖಿನೊಳಗೆ ನನ್ನನ್ನು ಮತ್ತೊಮ್ಮೆ ಪರೀಕ್ಷಿಸಿ, ಆದರೆ ಬಾಯಿ ಬಿಡಲು ಅನುಮತಿಯಿರುವ ಪರೀಕ್ಷಕರನ್ನು ಕೂರಿಸಿ. ಬಾಯಿ ಬಿಡುವ ಮನುಷ್ಯನ ಮುಂದೆ ನಾನು ಕಾಯದಿದ್ದರೆ ಆಗ ಧಾರಾಳವಾಗಿ ನಪಾಸು ಮಾಡಿ, ತುಟಿ ಪಿಟಕ್ಕೆನ್ನದೆ ಇಕ್ಕಳ ಕುದಿಸುತ್ತೇನೆ. ಅದಾಗದಿದ್ದರೆ ನೀವೇ ನಮ್ಮ ಕುರ್ಚಿಗೆ ಬನ್ನಿ. ಹಲ್ಲು ಸ್ವಚ್ಛ ಮಾಡಿಸಿಕೊಳ್ಳಲಿಕ್ಕೆ ಎಂದೇ ಬನ್ನಿ. ಬಾಯಿ ತುಂಬ ಹತ್ತಿ ಇಟ್ಟುಕೊಂಡು ಮಲಗಿ, ಒಂದು ಸಲ ಪರದೆ ಕೇಳಲಿ, ಒಂದು ಸಲ ನಾನು ಕೇಳುತ್ತೇನೆ. ಯಾರು ಅರ್ಹರೆಂದು ಆಮೇಲೆ, ಬಾಯಿ ತೊಳೆದುಕೊಂಡು, ನೀವೇ ಹೇಳಿ.

ಅಲ್ಲಿಯವರೆಗೆ ನಿಮ್ಮದೇ ಪಾಠದ ಪ್ರಕಾರ ಒಂದೇ ಒಂದು ಪ್ರಶ್ನೆ. ವಿಲ್ ಯು ಲೆಟ್ ಮಿ ಸ್ಟೇ ಬೈ ದ ಚೇರ್? ಕುರ್ಚಿಯ ಪಕ್ಕ ನನ್ನನ್ನು ಉಳಿಯಗೊಡುತ್ತೀರಾ? 'ವಿಲ್' ಮುಂದಿದೆ, 'ಯು' ಹಿಂದಿದೆ, ಅತ್ತೆ ಎರಡು ಸಲ ನೋಡಿ ಸರಿಯೆಂದಿದ್ದಾರೆ. ಇದರ ಉತ್ತರವನ್ನು ನಾನು ಹೇಳುತ್ತಿಲ್ಲ. ಹೇಳೋಣವೆಂದರೆ ನಿಮ್ಮ ಮುಖ ನನಗೆ ಕಾಣಿಸುತ್ತಿಲ್ಲ. ಕಾಯುತ್ತಿದ್ದೇನೆ, ಖಾನೆಯಲ್ಲಿ ಗುರುತು ಹಾಕಿಕೊಳ್ಳಿ.

ಇಂತಿ,
ಈ ತಿಂಗಳ ಕೊನೆಯವರೆಗಂತೂ ಹಲ್ಲಿನ ಡಾಕ್ಟರ ಸಹಾಯಕಿ,
ಆಮೇಲೆ ಏನೆಂದು ನೀವು ಹೇಳಬೇಕಾದವಳು